ಹಾರ್ಡಿಯ ಎರಡು ಪುಸ್ತಕಗಳು

ನಮ್ಮ ಮನೆಗಳಲ್ಲಿ ಒಂದು ಪದ್ಧತಿ ಉಂಟು. ಹುಡುಗನೋ ಹುಡುಗಿಯೋ ಇಂಜಿನಿಯರಿಂಗನ್ನೂ ವೈದ್ಯವನ್ನೂ ಬಿಟ್ಟು ಬರಿಯ ಗಣಿತವನ್ನೇ ಓದುತ್ತೇನೆಂದು ಹಟ ಹಿಡಿದರೆ ತಂದೆತಾಯಿಗಳು ನಿಟ್ಟುಸಿರು ಬಿಡುತ್ತಾರೆ. ನೆಂಟರಲ್ಲಿ ಪುಸ್ತಕದ ಹುಚ್ಚು ಇರುವವನೊಬ್ಬ ಜಿ. ಎಚ್. ಹಾರ್ಡಿಯ ‘ಎ ಮ್ಯಾಥಮೆಟೀಶಿಯನ್ಸ್ ಅಪಾಲಜಿ’ ಎಂಬ ಚಿಕ್ಕ ಪುಸ್ತಕವನ್ನು ತಂದು ಕೈಗಿಡುತ್ತಾನೆ. ನನ್ನ ತಂಗಿಯ ಮೊಮ್ಮಗಳು ಬಿ.ಎಸ್ಸಿ.ಗೆ ಗಣಿತವನ್ನು ಆರಿಸಿಕೊಂಡಾಗ ಆ ನೆಂಟ ನಾನೇ ಆದೆ. ಅದರ ಇಂಗ್ಲಿಷು ಗದ್ಯ ಅಚ್ಚುಕಟ್ಟಾದದ್ದು, ಎರಡು ಸಂಜೆಗಳಲ್ಲಿ ಓದಿ ಮುಗಿಸಬಹುದಾದದ್ದು, ಹುಡುಗಿಗೆ ಹುರುಪು ಬರುತ್ತದೆ ಎಂದು ನನ್ನ ಎಣಿಕೆ. ಮೊದಲ ಸೆಮಿಸ್ಟರ್ ಮುಗಿದ ಮೇಲೆ ಆಕೆ ಪುಸ್ತಕವನ್ನು ಹಿಂದಕ್ಕೆ ತಂದುಕೊಟ್ಟಳು.

“ಚೆನ್ನಾಗಿದೆ, ಅಜ್ಜ. ಆದರೆ ಇವರು ಹೇಳುವ ಗಣಿತವನ್ನು ನಾನು ಓದುತ್ತಿಲ್ಲ. ನನ್ನಂಥವರು ಓದಬಾರದು ಅಂತಲೂ ಇವರ ಅಭಿಪ್ರಾಯ ಇರುವ ಹಾಗಿದೆ.”

ನನಗೆ ಸ್ವಲ್ಪ ಪೆಟ್ಟೇ ಬಿತ್ತು. ಐವತ್ತು ವರ್ಷಗಳಿಂದ ನಾನು ಮೆಚ್ಚಿಕೊಂಡು ಬಂದ ಪುಸ್ತಕ ಅದು. ಗಣಿತದ ಪದವಿಯನ್ನು ಹೇಗೋ ಮುಗಿಸಿ ಸಾಹಿತ್ಯದ ಕಡೆಗೆ ತಿರುಗಿದವನಿಗೆ ಅದು ಬಿಟ್ಟುಬಂದ ಊರಿನ ಚಿತ್ರಪಟದಂತಿತ್ತು. ಆ ರಾತ್ರಿ ಕುಳಿತು ಮತ್ತೆ ಓದಿದೆ. ಓದಿದ ಮೇಲೆ, ಹುಡುಗಿಯ ಮಾತಿನಲ್ಲಿ ನಾವು ವಿಮರ್ಶಕರು ಗಮನಿಸದೆ ಬಿಟ್ಟ ಸತ್ಯವೊಂದಿದೆ ಎಂದು ತೋರಿತು. ಅದನ್ನು ಇಲ್ಲಿ ಪರಿಶೀಲಿಸಬೇಕೆಂದಿದ್ದೇನೆ.

ಮೊದಲು ಹೆಸರಿನ ಮಾತು. ‘ಅಪಾಲಜಿ’ ಎಂದರೆ ಇಲ್ಲಿ ಕ್ಷಮಾಪಣೆ ಅಲ್ಲ. ಸಾಕ್ರೆಟೀಸನು ನ್ಯಾಯಸ್ಥಾನದಲ್ಲಿ ನಿಂತು ಮಾಡಿದಂಥ ಸಮರ್ಥನೆ. (ನಮ್ಮ ಕಚೇರಿಗಳಲ್ಲಿ ‘ಸಮಜಾಯಿಷಿ’ ಎನ್ನುತ್ತಾರಲ್ಲ, ಅದು ಇನ್ನೂ ಹತ್ತಿರದ ಮಾತು.) ಗಣಿತಕ್ಕಾಗಿ ಒಂದು ಜನ್ಮವನ್ನು ತೆತ್ತದ್ದು ಸಾರ್ಥಕವೇ ಎಂದು ಯಾರೋ ಕೇಳಿದಂತೆ, ಅದಕ್ಕೆ ತಾನು ಉತ್ತರ ಕೊಡುತ್ತಿರುವಂತೆ ಹಾರ್ಡಿ ಬರೆಯುತ್ತಾನೆ. 1940 ರಲ್ಲಿ ಪುಸ್ತಕ ಪ್ರಕಟವಾದಾಗ ಅವನಿಗೆ 63 ವರ್ಷ. ಗಣಿತಜ್ಞನೂ ಚಿತ್ರಕಾರನಂತೆ, ಕವಿಯಂತೆ, ವಿನ್ಯಾಸಗಳನ್ನು ಸೃಷ್ಟಿಸುವವನು. ಸೌಂದರ್ಯವೇ ಅವನ ಮೊದಲ ಪರೀಕ್ಷೆ. ನಿಜವಾದ ಗಣಿತಕ್ಕೆ ಉಪಯೋಗವಿಲ್ಲ, ಆದ್ದರಿಂದಲೇ ಅದರಿಂದ ಯಾರಿಗೂ ಹಾನಿಯಿಲ್ಲ: ಇದು ಅವನ ವಾದದ ಸಾರ. ಈ ಕೊನೆಯ ಮಾತನ್ನು ಕಾಲ ಸುಳ್ಳು ಮಾಡಿತು. ಅವನು ಅತ್ಯಂತ ನಿರುಪಯೋಗಿ ಎಂದು ಎಣಿಸಿದ್ದ ಅವಿಭಾಜ್ಯ ಸಂಖ್ಯೆಗಳ ಶಾಸ್ತ್ರದ ಮೇಲೆ 1977 ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಗುಪ್ತಲಿಪಿಯ ವಿಧಾನವೊಂದನ್ನು ಕಟ್ಟಿದರು. ಆದರೆ ಪುಸ್ತಕದ ಬೆಲೆ ಈ ವಾದದ ಗೆಲವು ಸೋಲುಗಳಲ್ಲಿ ಇಲ್ಲ. ಅದರ ಗದ್ಯದಲ್ಲಿದೆ, ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲವೆಂಬ ಯೂಕ್ಲಿಡನ ಸಾಧನೆಯನ್ನೂ, ಎರಡರ ವರ್ಗಮೂಲವನ್ನು ಯಾವ ಭಿನ್ನರಾಶಿಯಿಂದಲೂ ಹೇಳಲಾಗದೆಂಬ ಪೈಥಾಗೊರಸನ ಸಾಧನೆಯನ್ನೂ ಗಣಿತ ತಿಳಿಯದವರ ಮುಂದೆ ಇಟ್ಟು ಅವರೂ ತಲೆದೂಗುವಂತೆ ಮಾಡಿದ್ದಾನಲ್ಲ, ಆ ಕಲೆಯಲ್ಲಿದೆ.

ಆದರೂ ಒಂದು ತಕರಾರು. ಪುಸ್ತಕದ ಮೊದಲನೆಯ ಪುಟದಲ್ಲಿಯೇ, ವಿವರಣೆ ವಿಮರ್ಶೆ ಮೆಚ್ಚಿಕೆ ಇವೆಲ್ಲ ಎರಡನೆಯ ದರ್ಜೆಯ ಬುದ್ಧಿಗೆ ಒಪ್ಪುವ ಕೆಲಸಗಳೆಂದು ಹಾರ್ಡಿ ತೀರ್ಪು ಕೊಟ್ಟುಬಿಡುತ್ತಾನೆ. ಸಾಹಿತ್ಯದ ಪುರವಣಿಗೆ ಬರೆಯುವ ನನ್ನಂಥವನು ಇದನ್ನು ಓದಿ ನಕ್ಕು ಸುಮ್ಮನಾಗಬಹುದು; ನಮಗೆ ಅಭ್ಯಾಸವಾಗಿದೆ. ಹದಿನೆಂಟು ವರ್ಷದ ವಿದ್ಯಾರ್ಥಿ ಏನು ಮಾಡಬೇಕು? ವಿದ್ಯಾರ್ಥಿ ಎಂಬವನು ಸೃಷ್ಟಿಸುವವನಲ್ಲ. ಇನ್ನೊಬ್ಬರು ಸೃಷ್ಟಿಸಿದ್ದನ್ನು ತನ್ನೊಳಗೆ ಮತ್ತೆ ಕಟ್ಟಿಕೊಳ್ಳಲು ಹೆಣಗುವವನು. ಹಾರ್ಡಿಯ ಲೆಕ್ಕದಲ್ಲಿ ಅವನು ಎರಡನೆಯ ದರ್ಜೆಗಿಂತಲೂ ಕೆಳಗಿನವನಾದಾನು. ಇದರ ಮೇಲೆ ಮತ್ತೊಂದು ಮಾತು: ಗಣಿತ ಹರೆಯದವರ ಆಟ, ಅದರಲ್ಲಿಯೂ ಹರೆಯದ ಗಂಡಸರ ಆಟ. ಗಾಲ್ವಾ 21 ಕ್ಕೆ ಸತ್ತ, ಆಬೆಲ್ 27 ಕ್ಕೆ ಸತ್ತ, ರೀಮಾನ್ 40 ಕ್ಕೆ ಸತ್ತ ಎಂದು ಅವನು ಪಟ್ಟಿ ಕೊಡುತ್ತಾನೆ. ಇದೇ ಪುಸ್ತಕದಲ್ಲಿ ಮುಂದೆ, ತಾನು ಉತ್ತಮವಾಗಿ ಕೆಲಸ ಮಾಡಿದ್ದು ನಲವತ್ತು ದಾಟಿದ ಮೇಲೆ, ಆಕ್ಸ್‌ಫರ್ಡಿನಲ್ಲಿದ್ದಾಗ ಎಂದು ಅವನೇ ಒಪ್ಪಿಕೊಂಡಿದ್ದಾನೆ. ಹುಡುಗಿ ಅಷ್ಟು ದೂರ ಓದುವ ಹೊತ್ತಿಗೆ ಗೋಡೆಯ ಗಡಿಯಾರದ ಟಿಕ್ ಟಿಕ್ ಅವಳ ಕಿವಿಗೆ ಬಿದ್ದಾಗಿರುತ್ತದೆ.

ಇನ್ನು ಹಾರ್ಡಿ ತನ್ನ ವಿದ್ಯಾರ್ಥಿದೆಸೆಯನ್ನು ಹೇಗೆ ಹೇಳಿದ್ದಾನೆ? ಪುಸ್ತಕದ ಕೊನೆಯಲ್ಲಿ, ಕೆಲವೇ ಕೆಲವು ಪುಟಗಳಲ್ಲಿ. ಆ ಪುಟಗಳು ಮಾತ್ರ ಬಂಗಾರ. ಬಾಲ್ಯದಲ್ಲಿ ತನಗೆ ಗಣಿತದ ಮೇಲೆ ವ್ಯಾಮೋಹವೇನೂ ಇರಲಿಲ್ಲ, ಬೇರೆ ಹುಡುಗರನ್ನು ಸೋಲಿಸುವುದಕ್ಕೆ ಅದು ಸುಲಭವಾದ ಸಾಧನವಾಗಿತ್ತು ಎನ್ನುತ್ತಾನೆ. ಹದಿನೈದನೆಯ ವಯಸ್ಸಿನ ಸುಮಾರಿಗೆ ಅವನ ಕೈಗೆ ‘ಎ ಫೆಲೋ ಆಫ್ ಟ್ರಿನಿಟಿ’ ಎಂಬ ಕಾದಂಬರಿ ಬಿತ್ತು. ಅಲನ್ ಸೇಂಟ್ ಆಬಿನ್ ಎಂಬ ಗಂಡುಹೆಸರಿನಲ್ಲಿ ಫ್ರಾನ್ಸಿಸ್ ಮಾರ್ಷಲ್ ಎಂಬ ಹೆಣ್ಣುಮಗಳು ಬರೆದದ್ದು. ಕಾದಂಬರಿ ಸಾಧಾರಣ. ಅದರಲ್ಲಿ ಸದ್ಗುಣಿಯಾದ ನಾಯಕನಿದ್ದಾನೆ, ಕುಡಿತಕ್ಕೆ ಬಿದ್ದು ಕೆಡುವ ಗೆಳೆಯನಿದ್ದಾನೆ. ನಾಯಕ ಪರೀಕ್ಷೆಯಲ್ಲಿ ಗೆದ್ದು ಕಾಲೇಜಿನ ಫೆಲೋ ಆಗಿ, ಹಿರಿಯರ ಕೊಠಡಿಯಲ್ಲಿ ಅಕ್ರೋಟು ತಿನ್ನುತ್ತಾ ದ್ರಾಕ್ಷಾರಸ ಕುಡಿಯುತ್ತಾನೆ. ಬಾಲಕ ಹಾರ್ಡಿಯ ಮನಸ್ಸನ್ನು ಸೆರೆಹಿಡಿದದ್ದು ಆ ಅಕ್ರೋಟು. ಅಲ್ಲಿಂದ ಮುಂದೆ, ಟ್ರಿನಿಟಿಯಲ್ಲಿ ಆ ಸ್ಥಾನ ದೊರೆಯುವ ತನಕ, ಗಣಿತವೆಂದರೆ ತನಗೆ ಆ ಸ್ಥಾನವೇ ಆಗಿತ್ತು ಎಂದು ಅವನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ನಮ್ಮ ಎಷ್ಟು ಹುಡುಗರು ಹೀಗೆ ಒಂದು ಸಿನಿಮಾ ನೋಡಿ ವಕೀಲರೋ ಪೋಲೀಸು ಅಧಿಕಾರಿಗಳೋ ಆಗಿಲ್ಲ!

1896 ರಲ್ಲಿ ಟ್ರಿನಿಟಿಗೆ ಸೇರಿದ ಮೇಲೆ ಅವನು ಕಂಡದ್ದೇನು ಎಂಬುದನ್ನು ತಿಳಿಯಬೇಕಾದರೆ ಕೇಂಬ್ರಿಡ್ಜಿನ ‘ಟ್ರೈಪಾಸ್’ ಪರೀಕ್ಷೆಯನ್ನು ತಿಳಿಯಬೇಕು. ಗಣಿತದಲ್ಲಿ ಪ್ರಥಮ ದರ್ಜೆ ಪಡೆದವನಿಗೆ ಅಲ್ಲಿ ‘ರ‍್ಯಾಂಗ್ಲರ್’ ಎಂದು ಹೆಸರು. ಆ ಪದದ ಅರ್ಥ ತರ್ಕಿ, ವಾದಿ ಎಂದು. ಪರೀಕ್ಷೆಯೆಂದರೆ ಲ್ಯಾಟಿನ್ ಭಾಷೆಯಲ್ಲಿ ಎದುರು ಬದುರು ನಿಂತು ವಾದ ಮಾಡುವುದಾಗಿದ್ದ ಕಾಲದಿಂದ ಉಳಿದುಬಂದ ಮಾತು. ವಾದ ಹೋಗಿ ಲಿಖಿತ ಪರೀಕ್ಷೆ ಬಂದರೂ ಹೆಸರು ಉಳಿಯಿತು. ಎಲ್ಲರಿಗಿಂತ ಮೇಲೆ ನಿಂತವನು ‘ಸೀನಿಯರ್ ರ‍್ಯಾಂಗ್ಲರ್’. ಪಾಸಾದವರಲ್ಲಿ ತೀರ ಕೊನೆಯವನಿಗೆ ಸೆನೆಟ್ ಭವನದಲ್ಲಿ ಎಲ್ಲರೆದುರಿಗೆ ಒಂದು ದೊಡ್ಡ ಮರದ ಸೌಟನ್ನು ಮೇಲಿನಿಂದ ಇಳಿಬಿಟ್ಟು ಸನ್ಮಾನಿಸುತ್ತಿದ್ದರು. 1890 ರಲ್ಲಿ ನ್ಯೂನಮ್ ಕಾಲೇಜಿನ ಫಿಲಿಪಾ ಫಾಸೆಟ್ ಎಂಬಾಕೆ ಸೀನಿಯರ್ ರ‍್ಯಾಂಗ್ಲರ್‌ಗಿಂತ ಹೆಚ್ಚು ಅಂಕಗಳನ್ನು ಪಡೆದಳು. ಆಕೆ ಅವನಿಗಿಂತ ‘ಮೇಲೆ’ ಎಂದು ಘೋಷಿಸಿದರೇ ಹೊರತು ಪದವಿ ಕೊಡಲಿಲ್ಲ. ಕೇಂಬ್ರಿಡ್ಜು ಹೆಂಗಸರಿಗೆ ಪೂರ್ಣ ಪದವಿ ಕೊಟ್ಟದ್ದು 1948 ರಲ್ಲಿ. 1899 ರಲ್ಲಿ ಆರ್. ಪಿ. ಪರಾಂಜಪೆಯವರು ಇನ್ನೊಬ್ಬ ವಿದ್ಯಾರ್ಥಿಯೊಡನೆ ಮೊದಲ ಸ್ಥಾನವನ್ನು ಹಂಚಿಕೊಂಡಾಗ ಭಾರತದಲ್ಲೆಲ್ಲ ಅದೊಂದು ದೊಡ್ಡ ಸುದ್ದಿ. ನಮ್ಮ ನಾಡಿನ ಡಿ. ಸಿ. ಪಾವಟೆಯವರ ಹೆಸರಿನ ಹಿಂದೆಯೂ ‘ರ‍್ಯಾಂಗ್ಲರ್’ ಎಂಬ ಬಿರುದು ಸೇರಿಕೊಂಡೇ ಇತ್ತು. ಪಾವಟೆಯವರು ಧಾರವಾಡದ ವಿಶ್ವವಿದ್ಯಾನಿಲಯವನ್ನು ಕಟ್ಟಿದವರು. ತಮ್ಮ ನೆನಪುಗಳನ್ನು ಬರೆದರು. ಆದರೆ ಪುಸ್ತಕದ ಹೆಸರೇ ಸೂಚಿಸುವಂತೆ ಅವು ಶಿಕ್ಷಣದ ಆಡಳಿತಗಾರನ ನೆನಪುಗಳು. ರ‍್ಯಾಂಗ್ಲರ್ ಆದವನ ಮನಸ್ಸಿನಲ್ಲಿ ಲೆಕ್ಕ ಹೇಗೆ ನಡೆಯಿತು ಎಂಬುದನ್ನು ಕನ್ನಡಿಗನೊಬ್ಬ ಸಾವಧಾನವಾಗಿ ಕುಳಿತು ಹೇಳಿದ್ದನ್ನು ನಾನು ಓದಿಲ್ಲ.

ಈ ಪೈಪೋಟಿಗೆ ವಿದ್ಯಾರ್ಥಿಗಳನ್ನು ತಯಾರು ಮಾಡುತ್ತಿದ್ದವರು ಪ್ರಾಧ್ಯಾಪಕರಲ್ಲ, ಖಾಸಗಿ ಕೋಚುಗಳು. ನಮ್ಮ ಟ್ಯೂಷನ್ ಪದ್ಧತಿಯನ್ನು ಹಳಿಯುವವರು ಇದನ್ನು ಗಮನಿಸಬೇಕು. ಹಾರ್ಡಿಯ ಕೋಚು ವೆಬ್ ಎಂಬವನು, ರ‍್ಯಾಂಗ್ಲರ್‌ಗಳನ್ನು ತಯಾರಿಸುವುದರಲ್ಲಿ ಬಹಳ ಹೆಸರಾದವನು. ಅವನ ಪಾಠದಲ್ಲಿ ಹಾರ್ಡಿಗೆ ಎಷ್ಟು ಬೇಸರವಾಯಿತೆಂದರೆ ಗಣಿತವನ್ನೇ ಬಿಟ್ಟು ಇತಿಹಾಸ ಓದುವ ಯೋಚನೆ ಬಂತು. ಆಮೇಲೆ ಲವ್ ಎಂಬ ಪ್ರಾಧ್ಯಾಪಕನ ಬಳಿಗೆ ಹೋದ; ಲವ್ ಅವನಿಗೆ ಜೋರ್ಡಾನ್ ಎಂಬ ಫ್ರೆಂಚ್ ಗಣಿತಜ್ಞನ ‘ಕೂರ್ ದನಲೀಸ್’ ಗ್ರಂಥವನ್ನು ಓದಲು ಹೇಳಿದ. ಗಣಿತವೆಂದರೇನೆಂದು ತನಗೆ ಮೊದಲ ಸಲ ತಿಳಿದದ್ದು ಅದನ್ನು ಓದಿದಾಗ ಎಂದು ಹಾರ್ಡಿ ಹೇಳುತ್ತಾನೆ. 1898 ರ ಪರೀಕ್ಷೆಯಲ್ಲಿ ಅವನಿಗೆ ಬಂದದ್ದು ನಾಲ್ಕನೆಯ ಸ್ಥಾನ.

ಇಲ್ಲಿ ವಾಚಕನ ಕುತೂಹಲ ಕೆರಳುತ್ತದೆ. ಜೋರ್ಡಾನನ ಪುಸ್ತಕವನ್ನು ಓದುವಾಗ ಏನಾಯಿತು? ಯಾವ ಪುಟದಲ್ಲಿ ತಡೆದ? ಎಷ್ಟು ದಿನ ತಡೆದ? ಮಂಜು ಹರಿದದ್ದು ಹೇಗೆ? ಹಾರ್ಡಿ ಹೇಳುವುದಿಲ್ಲ. ಕಣ್ಣು ತೆರೆಯಿತು ಎಂದು ಹೇಳಿ ಮುಂದಕ್ಕೆ ನಡೆದುಬಿಡುತ್ತಾನೆ. ಕಾವ್ಯದ ವಿಷಯದಲ್ಲಿ ಯಾರಾದರೂ ಹೀಗೆ ಬರೆದಿದ್ದರೆ, ಅನುಭವವನ್ನು ತಂದಿಲ್ಲ, ಅದರ ಹೆಸರನ್ನು ಮಾತ್ರ ತಂದಿದ್ದಾನೆ ಎಂದು ನಾವು ಆಕ್ಷೇಪಿಸುತ್ತಿದ್ದೆವು. ‘ಅಪಾಲಜಿ’ಯ ದೋಷ ಇದೇ.

ಅವನ ಜೊತೆಗಾರ ಲಿಟಲ್‌ವುಡ್ 1953 ರಲ್ಲಿ ಪ್ರಕಟಿಸಿದ ‘ಎ ಮ್ಯಾಥಮೆಟೀಶಿಯನ್ಸ್ ಮಿಸೆಲನಿ’ ಸಾಹಿತ್ಯದ ದೃಷ್ಟಿಯಿಂದ ಇಷ್ಟು ಸೊಗಸಾದುದಲ್ಲ. ಒಂದು ಚೀಲದಲ್ಲಿ ತುಂಬಿಟ್ಟ ಚೂರುಪಾರು. ಆದರೂ ವಿದ್ಯಾಭ್ಯಾಸದ ವಿಷಯದಲ್ಲಿ ಅದು ಹೆಚ್ಚು ಪ್ರಾಮಾಣಿಕವಾದದ್ದು. ಮೊದಲ ಸ್ಥಾನಕ್ಕೆ ಸ್ಪರ್ಧಿಸಬೇಕಾದರೆ ಓದಿನ ಸಮಯದಲ್ಲಿ ಮೂರರಲ್ಲಿ ಎರಡು ಪಾಲನ್ನು ಕಷ್ಟದ ಲೆಕ್ಕಗಳನ್ನು ಗಡಿಯಾರ ನೋಡಿಕೊಂಡು ಬಿಡಿಸುವ ಅಭ್ಯಾಸಕ್ಕೇ ಕೊಡಬೇಕಾಗಿತ್ತೆಂದು ಅವನು ಹೇಳುತ್ತಾನೆ; ಆ ಆಟ ತನಗೆ ಸುಲಭವಾಗಿತ್ತು, ಒಂದು ಬಗೆಯ ಕುಶಲಕರ್ಮಿಯ ತೃಪ್ತಿಯೂ ಇತ್ತು ಎಂದು ಒಪ್ಪಿಕೊಳ್ಳುತ್ತಾನೆ. 1905 ರಲ್ಲಿ ಅವನೂ ಮರ್ಸರ್ ಎಂಬವನೂ ಮೊದಲ ಸ್ಥಾನವನ್ನು ಹಂಚಿಕೊಂಡರು. ಆಗ ಗೆದ್ದವರ ಭಾವಚಿತ್ರಗಳನ್ನು ಅಂಗಡಿಯಲ್ಲಿ ಮಾರುತ್ತಿದ್ದರು. ಅವನ ಗೆಳೆಯನೊಬ್ಬ ಕೊಳ್ಳಲು ಹೋದಾಗ ಲಿಟಲ್‌ವುಡ್ ಮುಗಿದುಹೋಗಿದೆ, ಮರ್ಸರ್ ಬೇಕಾದಷ್ಟಿದೆ ಎಂದು ಅಂಗಡಿಯವನು ಹೇಳಿದನಂತೆ. ಈ ಹಾಸ್ಯದ ಹಿಂದೆ ಆ ಪರೀಕ್ಷೆಯ ಪೂರ್ತಿ ಟೀಕೆ ಇದೆ. ಶ್ರೇಯಾಂಕದ ಪಟ್ಟಿಯನ್ನು ಕೊನೆಯ ಬಾರಿಗೆ ಪ್ರಕಟಿಸಿದ್ದು 1909 ರಲ್ಲಿ. ಆ ಸುಧಾರಣೆಗೆ ಶ್ರಮಿಸಿದವರಲ್ಲಿ ಹಾರ್ಡಿ ಮುಂದಾಳು. ಆಮೇಲೆಯೂ ಅವನಿಗೆ ಸಮಾಧಾನವಾಗಲಿಲ್ಲ. 1926 ರಲ್ಲಿ ಗಣಿತ ಸಂಘದ ಅಧ್ಯಕ್ಷಪೀಠದಿಂದ, ಈ ಪರೀಕ್ಷೆಯನ್ನು ತಿದ್ದುವುದಲ್ಲ, ತೆಗೆದೇ ಹಾಕಬೇಕು ಎಂದ.

ಈಗ ನನ್ನ ಸ್ವಂತ ಮಾತೊಂದನ್ನು ಹೇಳಲು ವಾಚಕರು ಅನುಮತಿಸಬೇಕು. ನಾನು ಪದವಿಗೆ ಓದಿದ ಕಾಲೇಜಿನ ಹೆಸರು ಬೇಡ. ಮೊದಲ ವರ್ಷದ ಎರಡನೆಯ ತಿಂಗಳಿನಲ್ಲಿ ನಮ್ಮ ಅಧ್ಯಾಪಕರು ಹಲಗೆಯ ಮೇಲೆ ‘ಲಿಮಿಟ್’ ಎಂಬುದರ ವ್ಯಾಖ್ಯೆಯನ್ನು ಬರೆದು, ಅದರ ಕೆಳಗೆ ಎರಡು ಗೀಟು ಎಳೆದು, “ಬಾಯಿಪಾಠ ಮಾಡಿ, ಐದು ಅಂಕ ಎಲ್ಲಿಗೂ ಹೋಗುವುದಿಲ್ಲ” ಎಂದರು. ನಾವು ಮಾಡಿದೆವು. ಎಪ್ಸಿಲಾನ್, ಡೆಲ್ಟಾ ಎಂಬ ಎರಡು ಗ್ರೀಕ್ ಅಕ್ಷರಗಳು ಸಂಧ್ಯಾವಂದನೆಯ ಮಂತ್ರದಂತೆ ನಾಲಗೆಯ ಮೇಲೆ ಕುಳಿತವು. ಅರ್ಥ ಮಾತ್ರ ಕುಳಿತುಕೊಳ್ಳಲಿಲ್ಲ. ಪ್ರೌಢಶಾಲೆಯಲ್ಲಿ ನೂರಕ್ಕೆ ನೂರು ತೆಗೆದವನು ನಾನು. ಅಲ್ಲಿ ಗಣಿತವೆಂದರೆ ಲೆಕ್ಕ ಮಾಡುವುದು; ಮಾಡಿದ್ದು ಸರಿಯೋ ತಪ್ಪೋ ಪುಸ್ತಕದ ಹಿಂದಿನ ಪುಟ ನೋಡಿದರೆ ತಿಳಿಯುತ್ತಿತ್ತು. ಇಲ್ಲಿ ಉತ್ತರ ಮೊದಲೇ ಕೊಟ್ಟಿದ್ದಾರೆ. ಅದು ಏಕೆ ಉತ್ತರ ಎಂದು ಕೇಳುತ್ತಾರೆ. ಗೆರೆಯ ಕೆಳಗಿನಿಂದ ಹೊರಟು ಎಲ್ಲಿಯೂ ಕಡಿಯದೆ ಗೆರೆಯ ಮೇಲಕ್ಕೆ ಬಂದ ವಕ್ರರೇಖೆ ನಡುವೆ ಎಲ್ಲಿಯೋ ಆ ಗೆರೆಯನ್ನು ದಾಟಿರಲೇಬೇಕು. ಇದನ್ನು ಸಾಧಿಸಿ ಎನ್ನುತ್ತಾರೆ. ಹೊಳೆ ದಾಟದೆ ಆಚೆ ದಡಕ್ಕೆ ಹೋದವನುಂಟೇ? ಇದಕ್ಕೂ ಸಾಧನೆಯೇ? ಎಂದು ನಾವು ಹಾಸ್ಟೆಲಿನಲ್ಲಿ ನಗುತ್ತಿದ್ದೆವು. ಆ ನಗೆಯ ಹಿಂದೆ ಹೆದರಿಕೆ ಇತ್ತು. ರಜೆಗೆ ಊರಿಗೆ ಹೋದಾಗ ತಂದೆಯವರು, “ಈ ವಾರವೆಲ್ಲ ಏನು ಓದಿದೆ?” ಎಂದು ಕೇಳಿದರೆ ನಿಜವಾದ ಉತ್ತರ, “ಒಂದು ಸಾಲು” ಎಂದು. ಲಾ ಓದುತ್ತಿದ್ದ ಅಣ್ಣ ಅಷ್ಟರಲ್ಲಿ ಒಂದು ಸಂಪುಟ ಮುಗಿಸಿರುತ್ತಿದ್ದ. ಒಂದು ಸಾಲಿನ ಮುಂದೆ ಒಂದು ವಾರ ಕುಳಿತು, ಅದು ತಿಳಿಯದೆ, ತಿಳಿಯಲಿಲ್ಲವೆಂದು ಯಾರಿಗೂ ಹೇಳಲಾರದೆ ಇರುವುದು: ಗಣಿತದ ಪದವಿಯ ಓದು ಬಹುಪಾಲು ಇದೇ. ‘ಅಪಾಲಜಿ’ಯಲ್ಲಿ ಈ ವಾರ ಇಲ್ಲ.

ಅದು ಹಾರ್ಡಿಯ ಇನ್ನೊಂದು ಪುಸ್ತಕದಲ್ಲಿದೆ. ‘ಎ ಕೋರ್ಸ್ ಆಫ್ ಪ್ಯೂರ್ ಮ್ಯಾಥಮೆಟಿಕ್ಸ್’ 1908 ರಲ್ಲಿ, ಅವನಿಗೆ 31 ವರ್ಷವಾಗಿದ್ದಾಗ, ವಿಶ್ವವಿದ್ಯಾನಿಲಯದ ಮೊದಲ ವರ್ಷದವರಿಗೆಂದು ಬರೆದ ಪಠ್ಯಪುಸ್ತಕ. ಪಠ್ಯಪುಸ್ತಕವನ್ನು ಸಾಹಿತ್ಯವಿಮರ್ಶೆಗೆ ಎಳೆಯುವುದೇ ಎಂದು ಕೆಲವರಿಗೆ ಅನ್ನಿಸೀತು. ಅದರ ನಾಲ್ಕನೆಯ ಅಧ್ಯಾಯವನ್ನು ಓದಿ ಆಮೇಲೆ ಹೇಳಲಿ. ಒಂದನ್ನು ಎರಡರಿಂದ, ಮೂರರಿಂದ, ನಾಲ್ಕರಿಂದ, ಹೀಗೆ ದೊಡ್ಡ ದೊಡ್ಡ ಸಂಖ್ಯೆಗಳಿಂದ ಭಾಗಿಸುತ್ತ ಹೋದರೆ ಭಾಗಲಬ್ಧ ಸೊನ್ನೆಯ ಕಡೆಗೆ ಸಾಗುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ‘ಕಡೆಗೆ ಸಾಗುತ್ತದೆ’ ಎಂದರೇನು? ಅದು ಎಂದೂ ಸೊನ್ನೆಯಾಗುವುದಿಲ್ಲ. ಇಲ್ಲಿ ಹಾರ್ಡಿ ವ್ಯಾಖ್ಯೆಯನ್ನು ಹಲಗೆಯ ಮೇಲೆ ಬರೆದು ಗೀಟು ಎಳೆಯುವುದಿಲ್ಲ. ಓದುಗನ ಎದುರಿಗೆ ಒಬ್ಬ ಪ್ರತಿವಾದಿಯನ್ನು ಕಲ್ಪಿಸಿ ನಿಲ್ಲಿಸುತ್ತಾನೆ. ಪ್ರತಿವಾದಿ ಸಂಶಯಪಿಶಾಚಿ. ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ ಮಾಡಿ ತೋರಿಸು ಎನ್ನುತ್ತಾನೆ. ಸಾವಿರ ದಾಟಿದ ಮೇಲೆ ಎಲ್ಲವೂ ಕಡಿಮೆಯೇ ಎಂದು ನೀವು ಉತ್ತರಿಸುತ್ತೀರಿ. ಅವನು ಒಪ್ಪಲೇಬೇಕು, ಆದರೆ ಬಿಡುವುದಿಲ್ಲ, ಕೋಟಿಯಲ್ಲಿ ಒಂದು ಪಾಲನ್ನು ಕೇಳುತ್ತಾನೆ. ಕೋಟಿ ದಾಟಿದ ಮೇಲೆ ನೋಡು ಎನ್ನುತ್ತೀರಿ. ಅವನು ಎಷ್ಟು ಸಣ್ಣದನ್ನು ಕೇಳಿದರೂ ನಿಮ್ಮ ಬಳಿ ಉತ್ತರ ಇದ್ದರೆ ನೀವು ಗೆದ್ದಿರಿ. ‘ಸೊನ್ನೆಯ ಕಡೆಗೆ ಸಾಗುತ್ತದೆ’ ಎಂಬ ಮಾತಿಗೆ ಇಷ್ಟೇ ಅರ್ಥ.

ಇದು ನಮ್ಮವರಿಗೆ ಹೊಸದೇನಲ್ಲ. ಪೂರ್ವಪಕ್ಷ ಹೇಳಿ ಸಿದ್ಧಾಂತ ಹೇಳುವ ಶಾಸ್ತ್ರದ ಪದ್ಧತಿಯನ್ನು ಬಲ್ಲವರು ಇಲ್ಲಿ ತಲೆದೂಗುತ್ತಾರೆ. ವಿದ್ಯಾರ್ಥಿ ಜಾರುವ ಜಾಗವೂ ಇಲ್ಲಿಯೇ ಕಾಣುತ್ತದೆ. ಯಾರು ಮೊದಲು ಮಾತನಾಡುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಪ್ರತಿವಾದಿ ಮೊದಲು ಕೇಳಬೇಕು, ನೀವು ಆಮೇಲೆ ಉತ್ತರಿಸಬೇಕು. ಅದನ್ನು ತಿರುಗಿಸಿ, ನೀವು ಮೊದಲೇ ಒಂದು ಸಂಖ್ಯೆಯನ್ನು ಹೇಳಿ ಅದು ಅವನ ಎಲ್ಲ ಪ್ರಶ್ನೆಗಳಿಗೂ ಸಾಕು ಎಂದರೆ, ಆ ಸಂಖ್ಯೆಯಿಂದಾಚೆಗೆ ಭಾಗಲಬ್ಧ ಸೊನ್ನೆಯೇ ಆಗಿಬಿಟ್ಟಿತು ಎಂದಂತಾಗುತ್ತದೆ. ಅದು ಶುದ್ಧ ಸುಳ್ಳು. ಊರಿನ ಪ್ರತಿಯೊಂದು ಬೀಗಕ್ಕೂ ಒಂದು ಕೀಲಿಕೈ ಉಂಟು ಎನ್ನುವುದು ಒಂದು ಮಾತು. ಒಂದು ಕೀಲಿಕೈ ಉಂಟು, ಅದು ಊರಿನ ಪ್ರತಿಯೊಂದು ಬೀಗಕ್ಕೂ ಆಗುತ್ತದೆ ಎನ್ನುವುದು ಬೇರೆ ಮಾತು. ಎರಡನೆಯದನ್ನು ಕೇಳಿದರೆ ಕಳ್ಳನಿಗೆ ಹಬ್ಬ. ಐದು ಅಂಕಕ್ಕಾಗಿ ಬಾಯಿಪಾಠ ಮಾಡಿದ ನಾವು ಪರೀಕ್ಷೆಯಲ್ಲಿ ಈ ಎರಡನ್ನೂ ಅದಲುಬದಲು ಮಾಡಿ ಬರೆದೆವು. ಅಂಕವೂ ಬಂತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಹಾರ್ಡಿಯ ಪುಸ್ತಕವನ್ನು ನಾನು ನಿಜವಾಗಿ ಓದಿದ್ದು ಕೊನೆಯ ವರ್ಷದಲ್ಲಿ, ಗ್ರಂಥಾಲಯದ ಹರಿದ ಪ್ರತಿಯಲ್ಲಿ. ಆ ಪ್ರತಿವಾದಿ ನನ್ನ ಎದುರಿಗೆ ಬಂದು ನಿಂತಾಗ, ಎರಡು ವರ್ಷ ನಾಲಗೆಯ ಮೇಲಿದ್ದ ಮಂತ್ರ ಒಂದು ಸಂಭಾಷಣೆಯಾಯಿತು. ಆಗ ನನಗೊಂದು ವಿಷಯ ಹೊಳೆಯಿತು: ‘ರ‍್ಯಾಂಗ್ಲರ್’ ಎಂಬ ಪದದ ಹಳೆಯ ಅರ್ಥವನ್ನು, ತರ್ಕಿ ಎಂಬ ಅರ್ಥವನ್ನು, ಆ ಪರೀಕ್ಷೆಯ ಪರಮ ವೈರಿಯಾದ ಹಾರ್ಡಿಯೇ ತನ್ನ ಪಠ್ಯಪುಸ್ತಕದಲ್ಲಿ ಉಳಿಸಿಕೊಂಡಿದ್ದಾನೆ. ವಿನೋದವೆಂದರೆ, ಅವನ ಅಭ್ಯಾಸಗಳಲ್ಲಿ ಎಷ್ಟೋ ಲೆಕ್ಕಗಳ ಕೆಳಗೆ ಟ್ರೈಪಾಸ್ ಪರೀಕ್ಷೆಯ ಹೆಸರೂ ವರ್ಷವೂ ಇವೆ! ಬೈದ ಮನೆಯಿಂದಲೇ ಅಕ್ಕಿ ತಂದು ಅಡಿಗೆ ಮಾಡಿದ್ದಾನೆ.

ಗಣಿತದ ಸಮರ್ಥನೆ ನಮ್ಮಲ್ಲಿಯೂ ನಡೆದಿದೆ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದ ಆರಂಭದಲ್ಲಿ ಗಣಿತದ ಪ್ರಶಂಸೆ ಮಾಡುತ್ತ ಅದು ಬೇಕಾಗುವ ಕಡೆಗಳನ್ನು ಎಣಿಸುತ್ತಾನೆ: ಸಂಗೀತ, ನಾಟಕ, ಅಡಿಗೆ, ವೈದ್ಯ, ವಾಸ್ತು, ಛಂದಸ್ಸು, ಕಾವ್ಯ, ತರ್ಕ, ವ್ಯಾಕರಣ. ಹಾರ್ಡಿ ಗಣಿತವನ್ನು ಉಪಯೋಗದಿಂದ ಬಿಡಿಸಿ ಎತ್ತರದಲ್ಲಿಟ್ಟರೆ ಮಹಾವೀರ ಅದನ್ನು ಅಡಿಗೆಮನೆಯ ತನಕ ಇಳಿಸಿದ. ಇಬ್ಬರಲ್ಲಿ ಯಾರ ಮಾತು ಸರಿ ಎಂಬ ಚರ್ಚೆ ನನಗೆ ಮುಖ್ಯವಲ್ಲ. 1150 ರಲ್ಲಿ ಭಾಸ್ಕರಾಚಾರ್ಯ ‘ಲೀಲಾವತಿ’ಯಲ್ಲಿ ಮಾಡಿದ್ದು ನನಗೆ ಮುಖ್ಯ. ಅವನು ಬಾಲೆಯೊಬ್ಬಳನ್ನು ಎದುರಿಗೆ ಕೂರಿಸಿಕೊಂಡು, ಹೇಳು ನೋಡೋಣ ಎಂದು ಕೇಳುತ್ತಾನೆ. ಕಲಿಯುವವಳು ಪುಸ್ತಕದೊಳಗೆ ಇದ್ದಾಳೆ. 1908 ರ ಹಾರ್ಡಿಯ ಪುಸ್ತಕದೊಳಗೂ ಕಲಿಯುವವನು ಇದ್ದಾನೆ. 1940 ರ ಪುಸ್ತಕದೊಳಗೆ ಇಲ್ಲ.

ಹಾಗಾದರೆ ರಾಮಾನುಜನ್ ಅವರು? ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕುಂಭಕೋಣದಲ್ಲಿಯೂ ಮದರಾಸಿನಲ್ಲಿಯೂ ಎಫ್.ಎ. ಪರೀಕ್ಷೆ ದಾಟಲಾರದ ಅವರು ಪದವಿಯ ಓದಿಲ್ಲದೆಯೇ ಮಹಾಗಣಿತಜ್ಞರಾಗಲಿಲ್ಲವೇ? ಆದರು. ಅವರನ್ನು ಬೆಳೆಸಿದ ಕಾರ್ ಎಂಬವನ ‘ಸಿನಾಪ್ಸಿಸ್’ ಟ್ರೈಪಾಸ್ ಕೋಚಿಂಗಿನ ಟಿಪ್ಪಣಿಗಳಿಂದ ಹುಟ್ಟಿದ ಪುಸ್ತಕ. ಸಾವಿರಾರು ಸೂತ್ರಗಳ ಪಟ್ಟಿ, ಸಾಧನೆಗಳು ಅಲ್ಪಸ್ವಲ್ಪ. ಅದೇ ಬಗೆಯ ಸಾಮಗ್ರಿ ಹಾರ್ಡಿಗೆ ಬೇಸರ ತಂದಿತು, ರಾಮಾನುಜನ್ ಅವರಿಗೆ ಅಮೃತವಾಯಿತು. ಇದರಿಂದ ನಮ್ಮ ಹುಡುಗರ ಓದಿಗೆ ಯಾವ ನಿಯಮವನ್ನೂ ತೆಗೆಯಲು ಬರುವುದಿಲ್ಲ. ರಾಮಾನುಜನ್ ಅವರು 1914 ರಲ್ಲಿ ಕೇಂಬ್ರಿಡ್ಜಿಗೆ ಬಂದಾಗ, ಸಾಧನೆ ಎಂದರೇನೆಂಬುದನ್ನು ಅವರಿಗೆ ಕಲಿಸುವುದು ಹೇಗೆ, ಕಲಿಸುವ ಭರದಲ್ಲಿ ಅವರ ಸ್ಫೂರ್ತಿಯನ್ನು ಕೆಡಿಸಿದರೆ ಏನು ಗತಿ ಎಂದು ಹಾರ್ಡಿ ಅಂಜಿದ್ದನ್ನು ಮಾತ್ರ ನೆನೆಯಬೇಕು. ಆ ಅಂಜಿಕೆ ಒಳ್ಳೆಯ ಅಧ್ಯಾಪಕನದು.

ಪಠ್ಯಪುಸ್ತಕದಲ್ಲಿ ಕುಂದುಗಳಿಲ್ಲವೆಂದು ಹೇಳುತ್ತಿಲ್ಲ. ಅದು ಎಲ್ಲರಿಗಾಗಿ ಬರೆದದ್ದಲ್ಲ, ವಿದ್ಯಾರ್ಥಿವೇತನ ಗಳಿಸುವಷ್ಟು ಚುರುಕಾದವರನ್ನು ಮನಸ್ಸಿನಲ್ಲಿಟ್ಟು ಬರೆದದ್ದೆಂದು ಮುನ್ನುಡಿಯಲ್ಲಿಯೇ ಇದೆ. ಅದರ ಉತ್ಸಾಹ ಕೆಲವೆಡೆ ಅತಿ. 1937 ರಲ್ಲಿ ಹೊಸ ಆವೃತ್ತಿಗೆ ಬರೆದ ಮುನ್ನುಡಿಯಲ್ಲಿ ಹಾರ್ಡಿಯೇ ಇದನ್ನು ಒಪ್ಪಿಕೊಂಡು, ತಾನು ಆಗ ನರಭಕ್ಷಕರಿಗೆ ಉಪದೇಶ ಮಾಡಹೊರಟ ಪಾದ್ರಿಯಂತೆ ಬರೆದಿದ್ದೆ ಎಂಬ ಲಿಟಲ್‌ವುಡ್ಡನ ಹೋಲಿಕೆಯನ್ನು ನೆನೆದು ನಗುತ್ತಾನೆ. ಆದರೆ ಪಾದ್ರಿಯ ಎದುರಿಗೆ ಕೇಳುವವರಿದ್ದಾರೆ; ಅವರು ತಿಳಿದುಕೊಳ್ಳಬೇಕೆಂಬ ತವಕ ಅವನ ದನಿಯಲ್ಲಿದೆ.

‘ಅಪಾಲಜಿ’ಯನ್ನು ಬರೆದವನಿಗೆ ಆ ತವಕ ಉಳಿದಿರಲಿಲ್ಲ. 1967 ರ ಆವೃತ್ತಿಗೆ ಸಿ. ಪಿ. ಸ್ನೋ ಬರೆದ ದೀರ್ಘ ಮುನ್ನುಡಿಯನ್ನು ಓದಿದವರಿಗೆ ಇದು ಗೊತ್ತು. ಸೃಷ್ಟಿಶಕ್ತಿ ಕೈಬಿಟ್ಟುಹೋದ ಮುದುಕನ ದುಃಖ ಆ ಪುಸ್ತಕದ ಹಾಳೆಹಾಳೆಯಲ್ಲಿದೆ ಎಂಬ ಸ್ನೋನ ಮಾತು ನಿಜ. 1947 ರಲ್ಲಿ ಹಾರ್ಡಿ ಆತ್ಮಹತ್ಯೆಗೆ ಪ್ರಯತ್ನಿಸಿ ಬದುಕಿ ಉಳಿದ. ಕೊನೆಯ ದಿನಗಳಲ್ಲಿ ಅವನ ತಂಗಿ ಪ್ರತಿ ಸಂಜೆ ಹಾಸಿಗೆಯ ಬಳಿ ಕುಳಿತು ಕೇಂಬ್ರಿಡ್ಜಿನ ಕ್ರಿಕೆಟ್ಟಿನ ಇತಿಹಾಸವನ್ನು ಓದಿ ಹೇಳುತ್ತಿದ್ದಳು. ಅದೇ ವರ್ಷ ಡಿಸೆಂಬರ್ 1 ರಂದು ತೀರಿಕೊಂಡ. ಇಷ್ಟನ್ನು ತಿಳಿದು ಓದಿದರೆ, ವಿಮರ್ಶಕರನ್ನು ಹಳಿದ ಆ ಮೊದಲ ಪುಟದ ಮೇಲೆ ನನ್ನ ಸಿಟ್ಟೂ ಇಳಿಯುತ್ತದೆ. ಗಣಿತವನ್ನು ಮಾಡುವ ಬದಲು ಗಣಿತದ ಬಗ್ಗೆ ಬರೆಯುವ ಸ್ಥಿತಿಗೆ ತಾನು ಇಳಿದೆನಲ್ಲ ಎಂದು ಅವನು ಅಲ್ಲಿ ಹಳಿದುಕೊಂಡದ್ದು ತನ್ನನ್ನೇ. ಪುಸ್ತಕ ದೊಡ್ಡದು, ಸಂದೇಹವಿಲ್ಲ. ಅದು ಊರು ಬಿಟ್ಟು ಹೋಗುವವನ ಮಾತು. ಊರಿಗೆ ಈಗ ತಾನೇ ಬಂದು ಬಸ್ಸಿನಿಂದ ಇಳಿಯುತ್ತಿರುವವರ ಕೈಗೆ ಅದನ್ನು ಕೊಟ್ಟ ತಪ್ಪು ನನ್ನದು.

ಹೋದ ತಿಂಗಳು ಹುಡುಗಿಗೆ ಪಠ್ಯಪುಸ್ತಕವನ್ನು ಕೊಟ್ಟೆ. ನಾಲ್ಕನೆಯ ಅಧ್ಯಾಯದಲ್ಲಿ ಒಂದು ಕಾಗದದ ಚೂರನ್ನು ಗುರುತಿಗಿಟ್ಟಿದ್ದೆ. ಮೊನ್ನೆ ಭಾನುವಾರ ತಂಗಿಯ ಮನೆಗೆ ಹೋದಾಗ ಊಟದ ಮೇಜಿನ ಒಂದು ಕೊನೆಯಲ್ಲಿ ಪುಸ್ತಕ ತೆರೆದಿತ್ತು, ಕಾಗದದ ಚೂರು ಇಟ್ಟಲ್ಲಿಯೇ ಇತ್ತು. ಆಕೆ ಪೆನ್ಸಿಲ್ ಹಿಡಿದು ಕುಳಿತಿದ್ದಳು.

“ಎಷ್ಟು ದಿನದಿಂದ ಇದೇ ಪುಟ?” ಎಂದು ಕೇಳಿದೆ.

“ಆರು ದಿನ, ಅಜ್ಜ. ಅವನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಈಗ ನಾನು ಅವನ ಜಾಗದಲ್ಲಿ ಕುಳಿತು ಕೇಳಬೇಕು. ಹತ್ತು ನಿಮಿಷ ಮಾತಾಡಿಸಬೇಡಿ.”

ತಂಗಿ ಒಳಗಿನಿಂದ ಕಾಫಿ ತಂದಳು. ನಾನು ಲೋಟ ಹಿಡಿದು ಜಗಲಿಗೆ ಹೋಗಿ ಕುಳಿತೆ.